ಒಂದೇ ಪ್ರಸಂಗ, ಬೇರೆ ಬೇರೆ ರಾತ್ರಿ

ಕಳಸದ ಹತ್ತಿರದ ಒಂದು ತೋಟದಲ್ಲಿ ಹರಕೆಯಾಟ. ಏಪ್ರಿಲ್ ತಿಂಗಳು, ಕೊಯ್ಲು ಮುಗಿದು, ಹೂಮಳೆಯೂ ಆಗಿಹೋಗಿತ್ತು. ಪ್ರಸಂಗ ಗದಾಯುದ್ಧ. ಕೌರವ ಕೊಳದಲ್ಲಿ ಅಡಗುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು, ಮೈಕೂ ನಿಂತಿತು. ಭಾಗವತರು ಪದ್ಯ ಬಿಡಲಿಲ್ಲ, ದನಿ ಏರಿಸಿದರು. ಯಾರೂ ಹೇಳದೆಯೇ ಚಂಡೆ ಸುಮ್ಮನಾಯಿತು, ಮದ್ದಳೆ ಮಾತ್ರ ಉಳಿಯಿತು. ಅಡಗಿದವನಿಗೆ ಕತ್ತಲೆಗಿಂತ ದೊಡ್ಡ ನೆಂಟ ಯಾರು ಎಂಬ ಮಾತನ್ನೆತ್ತಿಕೊಂಡು ಕೌರವನ ವೇಷಧಾರಿ ಹತ್ತು ನಿಮಿಷ ಅರ್ಥ ಹೇಳಿದರು. ಜನರೇಟರ್ ಶುರುವಾದಾಗ ನಮಗೆಲ್ಲ ಸ್ವಲ್ಪ ಬೇಜಾರೇ ಆಯಿತು.

ಬೆಳಗಿನ ಜಾವ ಜೀಪಿನಲ್ಲಿ ವಾಪಸಾಗುವಾಗ ಜಗಳ. ಬೆಂಗಳೂರಿನಲ್ಲಿ ಓದುವ ತಮ್ಮ ಹೇಳಿದ: "ಯೂಟ್ಯೂಬಿನಲ್ಲಿ ನೋಡಿದ ಗದಾಯುದ್ಧವೇ ಚೆನ್ನಾಗಿತ್ತು ಚಿಕ್ಕಪ್ಪ. ಅದರಲ್ಲಿ ಎಲ್ಲರೂ ದೊಡ್ಡ ಹೆಸರಿನವರೇ." ಚಿಕ್ಕಪ್ಪ ತಿರುಗಿಯೂ ನೋಡದೆ, "ಅದು ಕೂಡಿಸಿದ್ದು ಮಾರಾಯ, ಮೇಳ ಅಲ್ಲ" ಎಂದರು.

ಯಕ್ಷಗಾನ ವಿಮರ್ಶೆಯಲ್ಲಿ ನಾವು ಹೆಚ್ಚಾಗಿ ಬಿಟ್ಟುಬಿಡುವ ಪ್ರಶ್ನೆ ಈ ಜಗಳದೊಳಗಿದೆ. ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ'ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಅಂದಿನಿಂದ ವೇಷ, ತಿಟ್ಟು, ರಾಗಗಳ ಬಗ್ಗೆ ಸಾಕಷ್ಟು ಬರೆದಿದ್ದೇವೆ. ಒಬ್ಬ ಕಲಾವಿದನನ್ನು, ಒಂದು ರಾತ್ರಿಯ ಆಟವನ್ನು ಅಳೆಯುವುದು ನಮಗೆ ಗೊತ್ತು. ಆದರೆ ಒಂದು ಹಳೆಯ ಮೇಳದ ತಿರುಗಾಟ ಶ್ರೇಷ್ಠವೆನಿಸುವುದು ಯಾವುದರಿಂದ?

ಹೊಸ ಪ್ರಸಂಗಗಳಿಂದ ಎಂಬುದು ಒಂದು ಉತ್ತರ. ಅದಕ್ಕೆ ಆಧಾರವೂ ಉಂಟು. ಸಾಲಿಗ್ರಾಮ ಮೇಳದ ಕಾಳಿಂಗ ನಾವಡರು ಬರೆದು ಹಾಡಿದ 'ನಾಗಶ್ರೀ' ಡೇರೆಗಳನ್ನು ತುಂಬಿಸಿತು. ಅವರ ಕ್ಯಾಸೆಟ್ಟುಗಳು ಘಟ್ಟದ ಮೇಲೆಯೂ ಮನೆಮನೆಯಲ್ಲಿದ್ದವು. 1990ರಲ್ಲಿ, ಮೂವತ್ತೆರಡು ತುಂಬುವ ಹೊತ್ತಿಗೆ, ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಮೇಳ ಮಾತ್ರ ಮರುವರ್ಷವೂ ಗೆಜ್ಜೆ ಕಟ್ಟಿತು. ಹಾಗಾದರೆ ಮೇಳವೆಂದರೆ ಒಬ್ಬ ತಾರೆಯಲ್ಲ, ಒಂದು ಹೊಸ ಕಥೆಯೂ ಅಲ್ಲ.

ಅಮೆರಿಕದ ರಾಕ್ ತಂಡ ಗ್ರೇಟ್‌ಫುಲ್ ಡೆಡ್ 1965ರಿಂದ 1995ರವರೆಗೆ ಊರೂರು ಸುತ್ತಿತು. ಇಂದಿನ ಹಾಡುಗಳ ಸಾಲು ನಾಳೆ ಇರುತ್ತಿರಲಿಲ್ಲ. ಹಳೆಯ ಹಾಡೇ ಒಂದು ರಾತ್ರಿ ಚಿಕ್ಕದಾಗಿ, ಇನ್ನೊಂದು ರಾತ್ರಿ ಉದ್ದವಾಗಿ ಹರಿಯುತ್ತಿತ್ತು. ಕೇಳುಗರು ಧ್ವನಿಮುದ್ರಿಸಿಕೊಳ್ಳಲು ತಂಡವೇ ಬಿಟ್ಟಿತ್ತು. ಮುದ್ರಿಕೆಗಳು ಕೈಯಿಂದ ಕೈಗೆ ದಾಟಿದರೂ ಜನ ಮತ್ತೆ ಮತ್ತೆ ಬರುತ್ತಿದ್ದರು. ನಿನ್ನೆಯದನ್ನು ಕೇಳಿದವನಿಗೆ ಇಂದಿನದು ಗೊತ್ತಿರುತ್ತಿರಲಿಲ್ಲ.

ನಮ್ಮಲ್ಲಿ ಪದ್ಯ ಮೊದಲೇ ರಚಿತವಾದದ್ದು, ಅರ್ಥ ಆ ರಾತ್ರಿಯದ್ದು. ಎದುರು ಪಾತ್ರದ ಒಂದು ಪ್ರಶ್ನೆ ಕೌರವನನ್ನು ಎತ್ತ ಬೇಕಾದರೂ ಕೊಂಡೊಯ್ಯಬಹುದು. ಅಲ್ಲಿಂದ ಅವನನ್ನು ಮುಂದಿನ ಪದ್ಯಕ್ಕೆ ಕರೆತರುವವರು ಭಾಗವತರು. ಎಲ್ಲಿ ಬಿಡಬೇಕು, ಎಲ್ಲಿ ಎಳೆದು ಹಿಡಿಯಬೇಕು ಎಂಬ ತಿಳಿವಳಿಕೆ ನವೆಂಬರಿನಿಂದ ಮೇ ತಿಂಗಳವರೆಗೆ ರಾತ್ರಿಗೊಂದು ಊರಿನಂತೆ ಒಟ್ಟಿಗೆ ಕುಣಿದು, ಒಂದೇ ಚೌಕಿಯಲ್ಲಿ ಬಣ್ಣ ಹಚ್ಚಿ, ಒಟ್ಟಿಗೆ ಉಂಡು ಬರುವಂಥದ್ದು. ಕರೆಂಟು ಹೋದಾಗ ಚಂಡೆ ಸುಮ್ಮನಾದದ್ದು ಆ ಒಡನಾಟದಿಂದ. ಆಯ್ದ ಅತಿಥಿಗಳ ಒಂದು ರಾತ್ರಿಯ ಕೂಟದಲ್ಲಿ ಒಬ್ಬೊಬ್ಬರೂ ಮಿಂಚಬಹುದು. ಆದರೆ ಅವರ ಮಧ್ಯೆ ಮೌನವನ್ನು ಹಂಚಿಕೊಳ್ಳುವ ಅಭ್ಯಾಸ ಇರುವುದಿಲ್ಲ. ಚಿಕ್ಕಪ್ಪ ಹೇಳಿದ್ದು ಇದನ್ನೇ.

ಆದರೆ ಚಿಕ್ಕಪ್ಪನ ಮಾತನ್ನೂ ಪೂರ್ತಿ ಒಪ್ಪಲಾರೆ. ಕಾಲಮಿತಿ ಆಟ ಆಟವೇ ಅಲ್ಲ ಎನ್ನುತ್ತಾರೆ ಅವರು. ಚಾರ್ಮಾಡಿ ಹತ್ತಿ ಮೂಡಿಗೆರೆಗೆ, ಕುದುರೆಮುಖದ ದಾರಿಯಲ್ಲಿ ಕಳಸಕ್ಕೆ ಬರುವ ಕಲಾವಿದರೂ ಮನುಷ್ಯರೇ. ತಿಂಗಳುಗಟ್ಟಲೆ ನಿದ್ದೆಗೆಟ್ಟು ಸೋಲುವ ದೇಹ ಅವರದ್ದು. ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಆಳುಗಳಿಗೆ ಇಡೀ ರಾತ್ರಿಯ ಆಟ ದಕ್ಕುತ್ತಲೂ ಇರಲಿಲ್ಲ. ಧರ್ಮಸ್ಥಳದಂಥ ಹಳೆಯ ಮೇಳವೇ ಕಾಲಮಿತಿಗೆ ಹೊರಳಿದ ಮೇಲೆ, ಅವರೂ ಮಂಗಳದವರೆಗೆ ಕೂತು ನೋಡಬಲ್ಲರು. ಗದಾಯುದ್ಧ ನಾಲ್ಕು ಗಂಟೆಯಲ್ಲಿಯೂ ಗದಾಯುದ್ಧವಾಗಿಯೇ ಇರಬಲ್ಲದು.

ನನಗಿರುವ ಆತಂಕ ಬೇರೆ. ಸಮಯ ಸಾಲದಾಗ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ: ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ. ಪ್ರೇಕ್ಷಕರು ಊಟ ಮುಗಿಸಿ ಬರುವ ಮೊದಲು ಹುಡುಗರು ಕುಣಿಯುತ್ತಿದ್ದ ಹೊತ್ತು ಅದು. ತಾಳ ತಪ್ಪಿದರೆ ನಗುವವರು ನಾಲ್ಕೇ ಜನ; ತಿದ್ದುವವರು ಹಿಂದೆಯೇ ಕೂತಿರುತ್ತಿದ್ದರು. ಮುಂದೆ ಕೌರವನಾಗಬೇಕಾದವನು ತಪ್ಪು ಮಾಡಲು ಇದ್ದ ಜಾಗವೇ ಅದು. ತರಬೇತಿ ಕೇಂದ್ರ ಹೆಜ್ಜೆ ಕಲಿಸಬಹುದು. ಮಾತು ತಪ್ಪಿದಾಗ, ದೀಪ ಆರಿದಾಗ ಏನು ಮಾಡಬೇಕೆಂಬುದನ್ನು ರಂಗಸ್ಥಳವೇ ಕಲಿಸಬೇಕು. ಆಟ ಮೊಟಕಾಗಲಿ, ಆದರೆ ಯುದ್ಧದ ಕುಣಿತದಲ್ಲಿ ಹತ್ತು ಸುತ್ತು ಕಡಿಮೆ ಮಾಡಿ ಆ ಅರ್ಧ ಗಂಟೆಯನ್ನು ಹುಡುಗರಿಗೆ ಉಳಿಸಬಾರದೇ? ಹಳೆಯ ಮೇಳವೊಂದನ್ನು ಅಳೆಯುವಾಗ ನಾನು ಇನ್ನು ಕೇಳುವ ಮೊದಲ ಪ್ರಶ್ನೆ ಇದು: ಸಂಜೆಯ ಹೊತ್ತು ಅಲ್ಲಿ ಯಾರು ಕುಣಿಯುತ್ತಾರೆ?

ಮುಂದಿನ ಹರಕೆಯಾಟಕ್ಕೆ ತಮ್ಮನನ್ನೂ ಕರೆದಿದ್ದೇನೆ. ಊಟ ಆಮೇಲೆ ಮಾಡೋಣ, ಕೇಳಿ ಹೊಡೆಯುವಾಗಲೇ ಬಾ ಎಂದಿದ್ದೇನೆ.