ನೆಲದಡಿಯ ನಗರ: ‘ಮೆಟ್ರೊಪೊಲಿಸ್’ ಚಿತ್ರವನ್ನು ಕೋಲಾರದಲ್ಲಿ ನೋಡುವುದು

ಯೊವಾನ್ನನ ಪ್ರಕಟನೆ ಗ್ರಂಥವನ್ನು ಬೋಧಿಸುವಾಗ ವಿದ್ಯಾರ್ಥಿಗಳಿಗೆ ಮೊದಲು ಹೇಳುವ ಮಾತೊಂದಿದೆ: ಬಾಬಿಲೋನ್ ಎಂದಿರುವಲ್ಲಿ ರೋಮ್ ಎಂದು ಓದಿಕೊಳ್ಳಿ. ಮುಂಬರುವ ಕಾಲದ ಹೆಸರಿನಲ್ಲಿ ಆ ಗ್ರಂಥವು ತನ್ನ ಕಾಲದ ಸಾಮ್ರಾಜ್ಯವನ್ನೇ ತೀರ್ಪಿಗೆ ಗುರಿಪಡಿಸುತ್ತದೆ. ವೈಜ್ಞಾನಿಕ ಕಥಾಚಿತ್ರಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ಉಪೇಂದ್ರ ಅವರು 2010ರಲ್ಲಿ ನಿರ್ದೇಶಿಸಿದ ‘ಸೂಪರ್’ 2030ರ ಭಾರತವನ್ನು ಸಿರಿವಂತ ನಾಡಾಗಿ ಕಲ್ಪಿಸಿತು. ಅವರದೇ ‘ಯುಐ’ (2024) 2040ನ್ನು ಭೀತಿಯ ಕಾಲವಾಗಿ ತೋರಿಸಿತು. ನಿರ್ದೇಶಕರು ಒಬ್ಬರೇ, ಬದಲಾದದ್ದು ಪ್ರೇಕ್ಷಕರ ವರ್ತಮಾನ.

ಈ ಪ್ರಕಾರದ ಮೂಲಕೃತಿಗಳಲ್ಲೊಂದು ಫ್ರಿಟ್ಸ್ ಲಾಂಗ್ ಅವರ ‘ಮೆಟ್ರೊಪೊಲಿಸ್’ (1927). ಯುದ್ಧದಲ್ಲಿ ಸೋತು, 1923ರ ಹಣದುಬ್ಬರದಲ್ಲಿ ನಲುಗಿ, ಯಂತ್ರವನ್ನು ಆರಾಧಿಸುತ್ತಲೇ ಕ್ರಾಂತಿಗೆ ಹೆದರಿದ್ದ ಜರ್ಮನಿಯ ಕನ್ನಡಿ ಅದು. ಮೇಲೆ ಒಡೆಯರ ಗಗನಚುಂಬಿಗಳು. ನೆಲದಡಿಯಲ್ಲಿ ದುಡಿಯುವವರ ಊರು. ಒಬ್ಬ ಕಾರ್ಮಿಕನ ಗುರುತು 11811 ಎಂಬ ಸಂಖ್ಯೆ. ಸ್ಫೋಟಗೊಂಡ ಯಂತ್ರವು ನಾಯಕನ ಕಣ್ಣಿಗೆ ನರಬಲಿ ಬೇಡುವ ಮೋಲೆಕನಂತೆ ಕಾಣುತ್ತದೆ.

ಈ ನೆಲದಡಿಯ ಊರು ಕೋಲಾರಕ್ಕೆ ಕಲ್ಪನೆಯಲ್ಲ. ಚಾಂಪಿಯನ್ ರೀಫ್‌ನಲ್ಲಿ ನಮ್ಮ ಜನರು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು; ಬಂಡೆ ಸಿಡಿದು ಸತ್ತರು. 1930ರಲ್ಲಿ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮದ ವಿರುದ್ಧ ಮುಷ್ಕರ ಹೂಡಿದರು. ಲಾಂಗ್ ಕಂಡ ಸಂಖ್ಯೆಯ ಅವಮಾನಕ್ಕೆ ಮೂರೇ ವರ್ಷಗಳಲ್ಲಿ ಇಲ್ಲಿ ಉತ್ತರ ಬಂದಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಈಗ ಅವರ ಮೊಮ್ಮಕ್ಕಳು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಾರೆ. ಮುಳಬಾಗಿಲು, ಶ್ರೀನಿವಾಸಪುರದ ಯುವಕ ಯುವತಿಯರು ನರಸಾಪುರ, ಮಾಲೂರಿನ ಕೈಗಾರಿಕಾ ಪ್ರದೇಶಗಳತ್ತ ಬಸ್ಸು ಹತ್ತುತ್ತಾರೆ. ಧರ್ಮಕೇಂದ್ರವೊಂದರ ಯುವಜನರೊಂದಿಗೆ ಈ ಚಿತ್ರ ನೋಡುತ್ತಿದ್ದಾಗ, ತಲೆ ತಗ್ಗಿಸಿ ಪಾಳಿ ಬದಲಿಸುವ ಸಾಲುಗಳ ಆರಂಭದ ದೃಶ್ಯಕ್ಕೆ ಒಬ್ಬಳು ಮೆಲ್ಲನೆ ಹೇಳಿದಳು: “ಸ್ವಾಮಿ, ನಮ್ಮ ಗೇಟಿನ ಮುಂದೆಯೂ ಹೀಗೇ.” ನಾನು ಸಿದ್ಧಪಡಿಸಿಕೊಂಡಿದ್ದ ಪೀಠಿಕೆಗಿಂತ ಆ ಒಂದು ಮಾತು ಹೆಚ್ಚು ಹೇಳಿತು.

ಚಿತ್ರ ಸೋಲುವುದು ಕೊನೆಯಲ್ಲಿ. ಸಮಾಧಿಗುಹೆಯಲ್ಲಿ ಶಿಲುಬೆಗಳ ನಡುವೆ ನಿಂತು ಬಾಬೆಲ್ ಗೋಪುರದ ಕಥೆ ಹೇಳುವ ಮರಿಯಾ, ಮಧ್ಯಸ್ಥನಿಗಾಗಿ ಕಾಯಿರಿ ಎನ್ನುತ್ತಾಳೆ. ಆ ಮಧ್ಯಸ್ಥ ಒಡೆಯನ ಮಗನೇ. ಮಹಾದೇವಾಲಯದ ಬಾಗಿಲಲ್ಲಿ ಅವನು ಒಡೆಯನ ಕೈಯನ್ನೂ ಮೇಸ್ತ್ರಿಯ ಕೈಯನ್ನೂ ಕೂಡಿಸಿದಾಗ ಕಥೆ ಮುಗಿಯುತ್ತದೆ. ಹತ್ತು ಗಂಟೆಗಳ ಪಾಳಿ ಇಳಿಯಿತೇ? ಕೂಲಿ ಏರಿತೇ? ಒಂದು ಮಾತೂ ಇಲ್ಲ. ಬಂಡವಾಳ, ದುಡಿಮೆಗಳು ಪರಸ್ಪರ ಬೇಕಾದವು ಎಂದು 1891ರ ‘ರೇರುಮ್ ನೊವಾರುಮ್’ ವಿಶ್ವಪತ್ರದಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳೂ ಹೇಳಿದರು. ಆದರೆ ನ್ಯಾಯವಾದ ಕೂಲಿಯು ಒಪ್ಪಂದಕ್ಕಿಂತ ಹಿರಿದಾದ ಋಣವೆಂದೂ ಸಾರಿದರು. ತಡೆಹಿಡಿದ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ ಎನ್ನುವ ಯಕೋಬನ ಪತ್ರದ ಮುಂದೆ ಈ ಹಸ್ತಲಾಘವ ತೀರಾ ಅಗ್ಗದ ಸಂಧಾನ.

ಆದರೂ ಚಿತ್ರವನ್ನು ಬೇಗ ದೂಷಿಸಬಾರದು. ದುಡಿದು ದಣಿದವರಿಗೆ ತಾಳ್ಮೆಯನ್ನು ಮಾತ್ರ ಬೋಧಿಸಿ ಬಲಿಪೂಜೆ ಮುಗಿಸಿದ ಭಾನುವಾರಗಳು ನನ್ನವೂ ಇವೆ. ನಾಳೆ ಕೋಲಾರದಂಥ ಧರ್ಮಕೇಂದ್ರಗಳಿಗೆ ಹೋಗಲಿರುವ ಸಹೋದರರು ಪ್ರಬೋಧನೆ ಬರೆಯುವ ಮೊದಲು ಒಮ್ಮೆ ಆ ಗೇಟಿನ ಮುಂದೆ, ಪಾಳಿ ಬಿಡುವ ಹೊತ್ತಿಗೆ ನಿಂತು ಬರಲಿ.