ಮಾರ್ಕೋನಹಳ್ಳಿ ಮೇಜಿನ ಮೇಲೆ

ಆಟಗಾರರು ಪಾತ್ರ ವಹಿಸಿ ಮಾತಿನಲ್ಲೇ ಕಥೆ ಬೆಳೆಸುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸಲು ಹೊರಟ ಹೊಸಬರು ಮೊದಲು ಕಥೆ ಬರೆಯಲು ಕೂರುತ್ತಾರೆ. ಆಟಗಾರರೋ ಮೊದಲ ತಿರುವಿನಲ್ಲೇ ಬೇರೆ ದಾರಿ ಹಿಡಿಯುತ್ತಾರೆ. ಆಗ ಆಟ ನಡೆಸುವ ಗೇಮ್ ಮಾಸ್ಟರ್ ಸೇತುವೆ ಮುರಿಸುತ್ತಾನೆ, ಕಾಡಿಗೆ ಬೆಂಕಿ ಹಚ್ಚುತ್ತಾನೆ, ಹೇಗಾದರೂ ಮಾಡಿ ಅವರನ್ನು ತನ್ನ ಪುಟಕ್ಕೇ ಎಳೆದು ತರುತ್ತಾನೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಆಟದ ರುಚಿ ಅಲ್ಲಿಗೆ ಕೆಟ್ಟಿತು.

ಕಥೆಯ ಬದಲು ನದಿ ಬರೆದಿಟ್ಟುಕೊಳ್ಳಿ ಎನ್ನುತ್ತೇನೆ ನಾನು. ಕಂತುಕಂತಾಗಿ ಸಾಗುವ ನನ್ನ ಈಗಿನ ಕ್ಯಾಂಪೇನಿನ ನಕ್ಷೆ ಶಿಂಷಾ ನದಿಯದೇ. ಹುಟ್ಟು ದೇವರಾಯನದುರ್ಗದಲ್ಲಿ, ಅಲ್ಲೇ ರಾಮ ಬಾಣ ಬಿಟ್ಟು ನೀರು ಚಿಮ್ಮಿಸಿದನೆನ್ನುವ ನಾಮದ ಚಿಲುಮೆ. ಮುಂದೆ ಗುಬ್ಬಿ ಸೀಮೆಯ ಕಡಬದ ಕೆರೆ, ಆಮೇಲೆ ಮಾರ್ಕೋನಹಳ್ಳಿ ಜಲಾಶಯ, ಅತ್ತ ಟಿಪ್ಪು ಕಾಲದಿಂದ ಕುದುರೆ ಸಾಕಿದ ಕುಣಿಗಲ್. ಇಷ್ಟೆಲ್ಲ ಇರುವಾಗ ಎಲ್ಫು, ಡ್ವಾರ್ಫು ಯಾರಿಗೆ ಬೇಕು! ಸೊಸೆಯನ್ನು ಕೆರೆಗೆ ಹಾರ ಕೊಡಲು ಹೊರಟ ಗೌಡ, ಒಬ್ಬ ಕುದುರೆ ಕಳ್ಳ, ನೀರಿನ ಪಾಳಿಗೆ ಬಡಿದಾಡುವ ಎರಡು ಊರು ಸಾಕು. ಯಾರ ಹಟ ಏನೆಂದು ಒಂದೊಂದು ಸಾಲು ಬರೆದಿಟ್ಟರೆ ಉಳಿದದ್ದು ಆಟಗಾರರ ಪಾಲು.

ಹಾಗಾದರೆ ಮಾಸ್ಟರ್‌ಗೆ ಕೆಲಸವೇನು? ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮಾರ್ಕೋನಹಳ್ಳಿ ಅಣೆಕಟ್ಟಿನ ಸೈಫನ್ ನೋಡಿ. ಗೇಟು ಎತ್ತಲು ಆಳು ಬೇಕಿಲ್ಲ. ನೀರು ಗೊತ್ತುಮಾಡಿದ ಮಟ್ಟ ದಾಟಿ ಒಳಕ್ಕೆ ಧುಮುಕುತ್ತ ಅಲ್ಲಿನ ಗಾಳಿಯನ್ನೂ ಎಳೆದೊಯ್ಯುತ್ತದೆ; ಗಾಳಿ ಬರಿದಾದೊಡನೆ ಕೊಳವೆ ತುಂಬಿ ಭೋರ್ಗರೆಯುತ್ತದೆ. ಮಟ್ಟ ಇಳಿದು ಗಾಳಿ ಹೊಕ್ಕಿತೋ, ಹರಿವು ನಿಂತಿತು. ನಾನೂ ಮಟ್ಟವನ್ನಷ್ಟೇ ಮೊದಲೇ ಗೊತ್ತುಮಾಡುತ್ತೇನೆ. ಊರುಗಳ ಜಗಳ ಬಿಡಿಸದೆ ಮೂರು ರಾತ್ರಿ ಕಳೆದರೆ ತೂಬು ಒಡೆಯುತ್ತದೆ. ಆಮೇಲೆ ನನ್ನ ಕೋಪ, ಕರುಣೆ ಯಾವುದೂ ನಡೆಯದು. ಫಲ ತೀರ್ಮಾನಿಸುವ ಇಪ್ಪತ್ತು ಮುಖದ ದಾಳ ಎಲ್ಲರ ಕಣ್ಣೆದುರೇ ಉರುಳುತ್ತದೆ. ಪರದೆಯ ಹಿಂದೆ ದಾಳ ಬಚ್ಚಿಡುವವರನ್ನು ಕಂಡರೆ ನನಗಾಗದು.

ಮುನ್ಸೂಚನೆ ಮಾತ್ರ ಆಟಗಾರರಿಗೆ ಧಾರಾಳವಾಗಿ ಕೊಡುತ್ತೇನೆ, ಏಕೆಂದರೆ ನಿಜದ ನೀರು ಹೇಳಿ ಬರುವುದಿಲ್ಲ. 2025ರ ಅಕ್ಟೋಬರಿನಲ್ಲಿ ಇದೇ ಸೈಫನ್‌ನಿಂದ ಏಕಾಏಕಿ ನುಗ್ಗಿದ ನೀರಿಗೆ ಪ್ರವಾಸಕ್ಕೆ ಬಂದ ಕುಟುಂಬವೊಂದರವರು ಕೊಚ್ಚಿಹೋದರು. ಅಣೆಕಟ್ಟಿನ ಕೆಳಗಿನ ಆ ಜಾಗದಲ್ಲಿ ನಾನು ಯಾವ ಸಾಹಸವನ್ನೂ ಕಟ್ಟುವುದಿಲ್ಲ.

ಈ ಆಟವನ್ನು ತಾಳಮದ್ದಳೆಗೆ ಹೋಲಿಸುವವರಿದ್ದಾರೆ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿ ಆಶುವಾಗಿ ಮಾತು ಕಟ್ಟುತ್ತಾನೆ, ನಿಜ. ಆದರೆ ಎಷ್ಟೇ ಸೊಗಸಾಗಿ ವಾದಿಸಿದರೂ ಅಲ್ಲಿನ ಕರ್ಣ ಸಾಯಲೇಬೇಕು. ನಮ್ಮ ಮೇಜಿನಲ್ಲಿ ಬದುಕಿಕೊಂಡಾನು. ಕಳೆದ ಸಲ ನನ್ನ ಆಟಗಾರರು ಕುದುರೆ ಕಳ್ಳನನ್ನು ಹಿಡಿದು ಒಪ್ಪಿಸುವ ಬದಲು ಕಡಬದ ಕೆರೆಗೆ ನೀರುಗಂಟಿ ಮಾಡಿಬಿಟ್ಟರು. ತೂಬು ಈಗ ಅವನ ಕೈಯಲ್ಲಿದೆ. ಬರುವ ಭಾನುವಾರ ಎರಡೂ ಊರಿನ ಗೌಡರು ಅವನ ಜಗಲಿಯಲ್ಲಿ ಕಾದಿರುತ್ತಾರೆ.