ಬಾರ್ನೇಸ್ ಮತ್ತು ಬಾರ್‌ಸ್ಟಾರ್

ಬ್ಯಾಸಿಲಸ್ ಅಮೈಲೊಲಿಕ್ವಿಫೇಶಿಯನ್ಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಬಾರ್ನೇಸ್ ಎಂಬ ಕಿಣ್ವವನ್ನು ಹೊರಕ್ಕೆ ಸ್ರವಿಸುತ್ತದೆ. ಆರ್‌ಎನ್‌ಎ ಕತ್ತರಿಸುವುದು ಅದರ ಕೆಲಸ. ಒಳಗೇ ಚುರುಕಾದರೆ ಹೆತ್ತ ಕೋಶಕ್ಕೇ ಸಾವು. ಅದನ್ನು ತಡೆಯಲು ಕೋಶದೊಳಗೆ ಬಾರ್‌ಸ್ಟಾರ್ ಇದೆ, ಬರೀ 89 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನು.

ಇವೆರಡರ ಕೂಡಿಕೆಯಷ್ಟು ಚೆಲುವಾದದ್ದನ್ನು ಜೀವರಸಾಯನಶಾಸ್ತ್ರದಲ್ಲಿ ನಾನು ಹೆಚ್ಚು ಕಂಡಿಲ್ಲ. ಬಾರ್ನೇಸ್ ಕತ್ತರಿಸುವ ಜಾಗದ ಸುತ್ತ ಧನಾವೇಶವಿದೆ. ಋಣಾವೇಶದ ಆರ್‌ಎನ್‌ಎಯನ್ನು ಹಿಡಿಯಲು ಅದು ಬೇಕೇ ಬೇಕು. ಬಾರ್‌ಸ್ಟಾರ್ ತನ್ನ ಆಸ್ಪಾರ್ಟೇಟ್, ಗ್ಲುಟಮೇಟ್ ಎಂಬ ಅಮೈನೊ ಆಮ್ಲಗಳ ಋಣಾವೇಶವನ್ನು ಅಲ್ಲಿಗೇ ಒಡ್ಡುತ್ತದೆ. ಮುಟ್ಟುವ ಮೊದಲೇ ಸೆಳೆತ ಶುರು. ಹತ್ತಿರವಾದಂತೆ ಸರಿಯಾದ ಮುಖಗಳೇ ಎದುರುಬದುರಾಗುತ್ತವೆ. ವಿಜ್ಞಾನಿಗಳಾದ ಗಿಡಿಯನ್ ಶ್ರೈಬರ್ ಮತ್ತು ಅಲನ್ ಫರ್ಷ್ಟ್ 1990ರ ದಶಕದಲ್ಲಿ ಇದನ್ನು ಅಳೆದು ತೋರಿಸಿದರು. ದ್ರಾವಣಕ್ಕೆ ಉಪ್ಪು ಬೆರೆಸಿದರೆ ಅದರ ಅಯಾನುಗಳು ಆವೇಶವನ್ನು ಮರೆಮಾಡುತ್ತವೆ, ಕೂಡುವ ವೇಗ ಕುಸಿಯುತ್ತದೆ. ಉಪ್ಪು ಕಡಿಮೆಯಿದ್ದಾಗ ಕೂಡಿದ ಜೋಡಿಯಾದರೋ ಗಂಟೆಗಟ್ಟಲೆ ಬಿಡುವುದಿಲ್ಲ.